ರೀಬಿಲ್ಡ್: ಸೋಲುವ ಫುಟ್‌ಬಾಲ್ ತಂಡವನ್ನು ಮತ್ತೆ ಕಟ್ಟುವುದು ಅಂದರೆ ಏನು?

ಐಪಿಎಲ್ ನೋಡಿ ಬೆಳೆದವರಿಗೆ ತಂಡ ಕಟ್ಟುವುದು ಎಂದರೆ ಹರಾಜು. 2024ರ ನವೆಂಬರ್ 24 ಮತ್ತು 25ರಂದು ಜೆಡ್ಡಾದಲ್ಲಿ ಮೆಗಾ ಹರಾಜು ನಡೆಯಿತು. ಎರಡೇ ದಿನದಲ್ಲಿ ಹತ್ತೂ ತಂಡಗಳು ಹೊಸದಾದವು, ಮುಂದಿನ ಜೂನ್‌ನಲ್ಲಿ ಆರ್‌ಸಿಬಿ ಕಪ್ ಎತ್ತಿತು. ಬೇಡವಾದ ಆಟಗಾರನನ್ನು ಉಳಿಸಿಕೊಳ್ಳದಿದ್ದರೆ ಮುಗಿಯಿತು, ಅವನ ಸಂಬಳದ ಹೊರೆಯೂ ಅಲ್ಲಿಗೆ ಇಳಿಯಿತು. ಫುಟ್‌ಬಾಲ್ ಕ್ಲಬ್‌ಗಳಿಗೆ ಈ ಸುಖ ಇಲ್ಲ. ಐದು ವರ್ಷಕ್ಕೆ ಸಹಿ ಹಾಕಿದ ಆಟಗಾರ ಚೆನ್ನಾಗಿ ಆಡಲಿ ಬಿಡಲಿ, ಐದು ವರ್ಷವೂ ಸಂಬಳ ಕೊಡಬೇಕು. ‘ರೀಬಿಲ್ಡ್’ ಎಂಬ ಪದದ ಕಷ್ಟವೆಲ್ಲ ಇಲ್ಲಿಂದ ಶುರು.

ಸತತ ಸೋಲುತ್ತಿರುವ, ವಯಸ್ಸಾದ ಅಥವಾ ಲೋನ್ (ಬೇರೆ ಕ್ಲಬ್‌ನಿಂದ ಎರವಲು ತಂದ) ಆಟಗಾರರ ಮೇಲೇ ನಿಂತಿರುವ ತಂಡದಲ್ಲಿ ಹೆಚ್ಚಿನವರನ್ನು ಎರಡು ಮೂರು ಟ್ರಾನ್ಸ್‌ಫರ್ ವಿಂಡೋಗಳಲ್ಲಿ (ಆಟಗಾರರನ್ನು ಕೊಳ್ಳಲು, ಮಾರಲು ವರ್ಷಕ್ಕೆ ಎರಡು ಸಲ ತೆರೆಯುವ ಅವಧಿ) ಬದಲಿಸಿ, ಹೊಸ ಬೆನ್ನೆಲುಬು ಕೂರಿಸುವುದಕ್ಕೆ ರೀಬಿಲ್ಡ್ ಎನ್ನುತ್ತಾರೆ. ಬೆನ್ನೆಲುಬು ಅಂದರೆ ಗೋಲ್‌ಕೀಪರ್, ಇಬ್ಬರು ಸೆಂಟರ್ ಬ್ಯಾಕ್, ನಡುವಿನ ಮಿಡ್‌ಫೀಲ್ಡರ್, ಸ್ಟ್ರೈಕರ್. ಒಬ್ಬ ವಿಂಗರ್‌ನನ್ನು ತಂದರೆ ಅದು ತೇಪೆ, ರೀಬಿಲ್ಡ್ ಅಲ್ಲ. ಪತ್ರಿಕೆಗಳು ಎರಡಕ್ಕೂ ಒಂದೇ ಪದ ಬಳಸುತ್ತವೆ, ಅದು ಬೇರೆ ಮಾತು.

ಟ್ರಾನ್ಸ್‌ಫರ್‌ಗೆ ‘ವರ್ಗಾವಣೆ’ ಎಂದು ಬರೆಯುವುದುಂಟು. ಆದರೆ ನಮ್ಮಲ್ಲಿ ವರ್ಗಾವಣೆ ಎಂದಕೂಡಲೇ ಸರ್ಕಾರಿ ಆದೇಶ ನೆನಪಾಗುತ್ತದೆ: ಮೇಲಿನಿಂದ ಕಾಗದ ಬಂತು, ನೌಕರ ಗಂಟುಮೂಟೆ ಕಟ್ಟಿದ. ಫುಟ್‌ಬಾಲ್‌ನಲ್ಲಿ ಮೂವರೂ ಒಪ್ಪಬೇಕು: ಮಾರುವ ಕ್ಲಬ್, ಕೊಳ್ಳುವ ಕ್ಲಬ್, ಆಟಗಾರ. ಆಟಗಾರ ‘ನಾನು ಹೋಗಲ್ಲ’ ಅಂದರೆ ಎರಡು ಕ್ಲಬ್ ಸೇರಿದರೂ ಏನೂ ಮಾಡಲಾಗದು. ಸೋಲುವ ತಂಡಗಳಲ್ಲಿ ಇದು ದಿನನಿತ್ಯದ ಗೋಳು. ಒಳ್ಳೆಯ ಕಾಲದಲ್ಲಿ ಕೊಟ್ಟ ದೊಡ್ಡ ಸಂಬಳವನ್ನು ಬೇರೆ ಯಾರೂ ಕೊಡುವುದಿಲ್ಲ, ಹಾಗಾಗಿ ಆಟಗಾರ ಬೆಂಚಿನಲ್ಲಿ ಕೂತೇ ಒಪ್ಪಂದ ಮುಗಿಸುತ್ತಾನೆ. ಅವನನ್ನು ಲೋನ್ ಮೇಲೆ ಕಳಿಸಿ, ಸಂಬಳದ ಅರ್ಧ ತಾವೇ ಕಟ್ಟುವ ಕ್ಲಬ್‌ಗಳು ಬೇಕಾದಷ್ಟಿವೆ.

ಆದ್ದರಿಂದ ರೀಬಿಲ್ಡ್ ಕೊಳ್ಳುವುದರಿಂದ ಶುರುವಾಗುವುದಿಲ್ಲ, ಒಂದು ಪಟ್ಟಿಯಿಂದ ಶುರುವಾಗುತ್ತದೆ. ಪ್ರತಿ ಆಟಗಾರನ ಹೆಸರಿನ ಮುಂದೆ ವಯಸ್ಸು, ಒಪ್ಪಂದ ಮುಗಿಯುವ ವರ್ಷ, ವಾರದ ಸಂಬಳ, ಲೆಕ್ಕಪುಸ್ತಕದಲ್ಲಿ ಉಳಿದಿರುವ ಬೆಲೆ. ಇದರಲ್ಲಿ ಮೊದಲು ನೋಡಬೇಕಾದದ್ದು ಒಪ್ಪಂದದ ವರ್ಷ. ಬಾಸ್ಮನ್ ಎಂಬ ಆಟಗಾರನ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯ 1995ರ ಡಿಸೆಂಬರ್ 15ರಂದು ಕೊಟ್ಟ ತೀರ್ಪಿನ ನಂತರ, ಒಪ್ಪಂದ ಮುಗಿದ ಆಟಗಾರ ಹಳೆಯ ಕ್ಲಬ್‌ಗೆ ಒಂದು ಕಾಸೂ ಕೊಡಿಸದೆ ಹೋಗಬಹುದು. ಕೊನೆಯ ಆರು ತಿಂಗಳಲ್ಲಿ ಬೇರೆ ದೇಶದ ಕ್ಲಬ್ ಜೊತೆ ಮುಂಗಡ ಒಪ್ಪಂದವನ್ನೂ ಮಾಡಿಕೊಳ್ಳಬಹುದು. ಹಾಗಾಗಿ ಒಂದೇ ವರ್ಷ ಉಳಿದ ಆಟಗಾರನಿಗೆ ಆ ಬೇಸಿಗೆಯಲ್ಲೇ ತೀರ್ಮಾನ ಆಗಬೇಕು: ಒಪ್ಪಂದ ನವೀಕರಿಸಿ, ಇಲ್ಲವೇ ಮಾರಿ. ಎರಡನ್ನೂ ಮಾಡದೆ ದಿನ ದೂಡುವ ಕ್ಲಬ್ ಮುಂದಿನ ವರ್ಷ ಅವನ ಜಾಗಕ್ಕೆ ಪೂರ್ತಿ ದುಡ್ಡು ಸುರಿಯಬೇಕಾಗುತ್ತದೆ.

ಈಗ ಲೆಕ್ಕಕ್ಕೆ ಬರೋಣ, ಏಕೆಂದರೆ ಹೆಚ್ಚಿನ ಅಭಿಮಾನಿಗಳು ಎಡವುವುದು ಇಲ್ಲೇ. ಟ್ರ್ಯಾಕ್ಟರ್ ಕೊಂಡವರು ವರ್ಷ ವರ್ಷ ಸವಕಳಿ ಬರೆಯುವ ಹಾಗೆ, ಕ್ಲಬ್‌ಗಳು ಆಟಗಾರನ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಹಂಚುತ್ತವೆ. ಇದಕ್ಕೆ ಅಮಾರ್ಟೈಸೇಶನ್ ಎನ್ನುತ್ತಾರೆ. 5 ಕೋಟಿ ಪೌಂಡ್ ಕೊಟ್ಟು ಐದು ವರ್ಷಕ್ಕೆ ತಂದ ಆಟಗಾರ ವರ್ಷಕ್ಕೆ 1 ಕೋಟಿ ಖರ್ಚು. ಮೂರು ವರ್ಷ ಕಳೆದ ಮೇಲೆ ಪುಸ್ತಕದಲ್ಲಿ ಅವನ ಬೆಲೆ 2 ಕೋಟಿ. ಆಗ 2.5 ಕೋಟಿಗೆ ಮಾರಿದರೆ, ಕೊಂಡ ಬೆಲೆಯ ಅರ್ಧಕ್ಕೆ ಮಾರಿದರೂ, ಪುಸ್ತಕದಲ್ಲಿ 50 ಲಕ್ಷ ಲಾಭ. 1.5 ಕೋಟಿಗೆ ಮಾರಿದರೆ 50 ಲಕ್ಷ ನಷ್ಟ, ಅದೂ ಅದೇ ವರ್ಷದ ಖಾತೆಗೆ. ಅಕಾಡೆಮಿಯಲ್ಲಿ ಬೆಳೆದ ಹುಡುಗನಿಗೆ ಕೊಂಡ ಬೆಲೆಯೇ ಇಲ್ಲ, ಮಾರಿದರೆ ಬಂದದ್ದೆಲ್ಲ ಲಾಭ. ಊರಿನ ಹುಡುಗರನ್ನೇ ಕ್ಲಬ್‌ಗಳು ಮೊದಲು ಮಾರುವುದು ಏಕೆ ಎಂದು ಕೇಳುವವರಿಗೆ ಉತ್ತರ ಈ ಸಾಲಿನಲ್ಲಿದೆ.

ಈ ಹಂಚಿಕೆಯನ್ನು ಹಿಗ್ಗಿಸಿದ ಕ್ಲಬ್ ಇಂಗ್ಲೆಂಡಿನ ಚೆಲ್ಸಿ. 2023ರ ಜನವರಿಯಲ್ಲಿ ಎಂಜೊ ಫರ್ನಾಂಡಿಸ್, ಮಿಖಾಯ್ಲೊ ಮುಡ್ರಿಕ್ ಇಬ್ಬರಿಗೂ ಎಂಟೂವರೆ ವರ್ಷದ ಒಪ್ಪಂದ. ವರ್ಷದ ಖರ್ಚು ಸಣ್ಣದಾಗಿ ಕಾಣಲಿ ಎಂಬ ಉಪಾಯ. ಅದೇ ವರ್ಷ ಯುಇಎಫ್‌ಎ, ಅಂದರೆ ಯುರೋಪಿನ ಫುಟ್‌ಬಾಲ್ ಸಂಸ್ಥೆ, ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಅಗ್ರ ದರ್ಜೆಯ ಪ್ರೀಮಿಯರ್ ಲೀಗ್, ಒಪ್ಪಂದ ಎಷ್ಟೇ ಉದ್ದವಿದ್ದರೂ ಬೆಲೆಯನ್ನು ಐದು ವರ್ಷಕ್ಕಿಂತ ಹೆಚ್ಚು ಹಂಚುವ ಹಾಗಿಲ್ಲ ಎಂದು ಬಾಗಿಲು ಹಾಕಿದವು.

ಇಡೀ ಪದವನ್ನು ಒಂದೇ ಕ್ಲಬ್‌ನಲ್ಲಿ ನೋಡಬೇಕೆಂದರೆ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗಿಂತ ಒಳ್ಳೆಯ ಉದಾಹರಣೆ ನಮಗೆ ಕಾಣದು. 1999ರಲ್ಲಿ ಕೆಳಗಿನ ದರ್ಜೆಗೆ ಇಳಿದಿದ್ದ ಈ ಇಂಗ್ಲಿಷ್ ಕ್ಲಬ್ 23 ವರ್ಷದ ನಂತರ, 2022ರ ಮೇ 29ರಂದು ವೆಂಬ್ಲಿಯಲ್ಲಿ ಹಡರ್ಸ್‌ಫೀಲ್ಡ್‌ನ್ನು 1-0ರಿಂದ ಸೋಲಿಸಿ ಪ್ರೀಮಿಯರ್ ಲೀಗ್‌ಗೆ ಮರಳಿತು. ಸಂಭ್ರಮ ಮುಗಿದ ಮರುದಿನ ನೋಡಿದರೆ ಮನೆ ಅರ್ಧ ಖಾಲಿ. ಜೆಡ್ ಸ್ಪೆನ್ಸ್, ಜೇಮ್ಸ್ ಗಾರ್ನರ್, ಕೀನನ್ ಡೇವಿಸ್, ಫಿಲಿಪ್ ಜಿಂಕರ್‌ನಾಗಲ್, ಮ್ಯಾಕ್ಸ್ ಲೋ, ಐವರೂ ಲೋನ್ ಆಟಗಾರರು, ತಮ್ಮ ತಮ್ಮ ಕ್ಲಬ್‌ಗೆ ಹಿಂತಿರುಗಿದರು. ಕೀಪರ್ ಬ್ರೀಸ್ ಸಾಂಬಾ ಫ್ರಾನ್ಸ್‌ನ ಲಾನ್ಸ್ ಸೇರಿದ. ಆ ಬೇಸಿಗೆಯಲ್ಲಿ ಫಾರೆಸ್ಟ್ 20ಕ್ಕೂ ಹೆಚ್ಚು ಮಂದಿಯನ್ನು ತಂದಿತು. ಎಲ್ಲರೂ ನಕ್ಕರು. ಆದರೆ ಅವರಲ್ಲಿ ಹಲವರು ಖಾಲಿ ಜಾಗ ತುಂಬಲು ಬಂದವರು ಎಂಬುದನ್ನು ನಕ್ಕವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಗುವುದಕ್ಕೂ ಕಾರಣವಿತ್ತು. ಪ್ರೀಮಿಯರ್ ಲೀಗ್‌ನಲ್ಲಿ 21 ದಾಟಿದವರ ಪಟ್ಟಿ 25 ಮಂದಿಯದು, ಅದರಲ್ಲಿ ಇಂಗ್ಲೆಂಡ್ ಅಥವಾ ವೇಲ್ಸ್‌ನ ಕ್ಲಬ್‌ಗಳಲ್ಲಿ ಬೆಳೆಯದವರು 17ಕ್ಕಿಂತ ಹೆಚ್ಚು ಇರಬಾರದು. ಮೂವರು ಕೀಪರ್, ಮೈದಾನದ ಹತ್ತು ಜಾಗಕ್ಕೆ ತಲಾ ಇಬ್ಬರು ಎಂದರೆ 23 ಆಯಿತು. ಹೆಚ್ಚುವರಿಗೆ ಎರಡೇ ಜಾಗ. ಅದಕ್ಕಿಂತ ಹೆಚ್ಚು ತಂದರೆ ಸಂಬಳ ಪಡೆಯುತ್ತ ಮೈದಾನ ತುಳಿಯದ ಆಟಗಾರರು ಹುಟ್ಟುತ್ತಾರೆ. ಹೊಸಬರು ಒಬ್ಬರಿಗೊಬ್ಬರು ಪರಿಚಯವಾಗುವುದಕ್ಕೂ ಕಾಲ ಬೇಕು. ಆಫ್‌ಸೈಡ್ ಗೆರೆ ಒಟ್ಟಿಗೆ ಮುಂದೆ ತಳ್ಳುವುದು, ಕಾರ್ನರ್‌ನಲ್ಲಿ ಯಾರು ಯಾರನ್ನು ಹಿಡಿಯಬೇಕು ಎನ್ನುವುದು ಬೋರ್ಡ್ ಮೇಲೆ ಬರೆದು ಬರುವ ವಿದ್ಯೆಯಲ್ಲ. ಆ ಶರತ್ಕಾಲದಲ್ಲಿ ಫಾರೆಸ್ಟ್ ಲೀಗ್‌ನಲ್ಲಿ ಸತತ ಐದು ಪಂದ್ಯ ಸೋತಿತು: ಮ್ಯಾಂಚೆಸ್ಟರ್ ಸಿಟಿ ಎದುರು 0-6, ಲೆಸ್ಟರ್ ಎದುರು 0-4, ನಡುವೆ ಬೋರ್ನ್‌ಮತ್ ಎದುರು 2-0 ಮುಂದಿದ್ದು 2-3. ಮುಂದಿದ್ದ ಪಂದ್ಯ ಕೈಬಿಡುವುದು ಹೊಸದಾಗಿ ಜೋಡಿಸಿದ ತಂಡದ ಗುರುತು. ನಮ್ಮ ಅಂದಾಜಿನಲ್ಲಿ ಮೊದಲ ಹನ್ನೊಂದರಲ್ಲಿ ಒಂದು ವಿಂಡೋಗೆ ನಾಲ್ಕೈದು ಬದಲಾವಣೆ ತಡೆದುಕೊಳ್ಳಬಹುದು, ಅದಕ್ಕಿಂತ ಮೇಲೆ ಹೋದರೆ ಕೆಲವು ತಿಂಗಳ ಅಂಕಗಳನ್ನು ಬಿಟ್ಟುಕೊಡಲು ತಯಾರಿರಬೇಕು.

ಮಾಲೀಕ ಇವಾಂಗೆಲೊಸ್ ಮರಿನಾಕಿಸ್ ಆಗ ಕೋಚ್ ಸ್ಟೀವ್ ಕೂಪರ್‌ನನ್ನು ಕಳಿಸುವರು ಎಂದೇ ಎಲ್ಲರೂ ಕಾದಿದ್ದರು. ಕ್ಲಬ್ ಅವನಿಗೆ ಹೊಸ ಒಪ್ಪಂದ ಕೊಟ್ಟಿತು. ತಂಡ 38 ಅಂಕ ಗಳಿಸಿ 16ನೇ ಸ್ಥಾನದಲ್ಲಿ ಉಳಿಯಿತು. ಉಳಿವು ಖಚಿತವಾದದ್ದು 2023ರ ಮೇ 20ರಂದು, ಆರ್ಸೆನಲ್ ವಿರುದ್ಧ 1-0. ಗೋಲು ಹೊಡೆದವನು 2022ರ ಬೇಸಿಗೆಯಲ್ಲಿ ಬರ್ಲಿನ್‌ನಿಂದ ಬಂದಿದ್ದ ತೈವೊ ಅವೊನಿಯಿ.

ಬಿಲ್ ಬಂದದ್ದು ಆಮೇಲೆ. ಆಗಿನ ನಿಯಮದಂತೆ ಪ್ರೀಮಿಯರ್ ಲೀಗ್ ಕ್ಲಬ್ ಮೂರು ವರ್ಷದಲ್ಲಿ ಗರಿಷ್ಠ 10.5 ಕೋಟಿ ಪೌಂಡ್ ನಷ್ಟ ತೋರಿಸಬಹುದಿತ್ತು, ಅಂದರೆ ವರ್ಷಕ್ಕೆ 3.5 ಕೋಟಿ. ಕೆಳಗಿನ ಚಾಂಪಿಯನ್‌ಶಿಪ್‌ನಲ್ಲಿ ಕಳೆದ ವರ್ಷಕ್ಕೆ 1.3 ಕೋಟಿ ಮಾತ್ರ. ಫಾರೆಸ್ಟ್‌ನ ಮೂರು ವರ್ಷದಲ್ಲಿ ಎರಡು ಕೆಳಗಿನವು: 1.3, 1.3, 3.5, ಒಟ್ಟು 6.1 ಕೋಟಿ. ಕ್ಲಬ್ ಇದನ್ನು 3.45 ಕೋಟಿಯಷ್ಟು ಮೀರಿತ್ತು. ಅಕಾಡೆಮಿ ಹುಡುಗ ಬ್ರೆನನ್ ಜಾನ್ಸನ್‌ನನ್ನು ಟಾಟನ್‌ಹ್ಯಾಮ್‌ಗೆ 4.75 ಕೋಟಿಗೆ ಮಾರಿದ್ದರಲ್ಲ, ಎಲ್ಲವೂ ಲಾಭವೇ ತಾನೆ? ಹೌದು, ಆದರೆ ಮಾರಾಟವಾದದ್ದು 2023ರ ಸೆಪ್ಟೆಂಬರ್ 1ರಂದು. ಲೆಕ್ಕದ ವರ್ಷ ಮುಗಿದದ್ದು ಜೂನ್ 30ಕ್ಕೆ. ಕಾದದ್ದರಿಂದ ಹೆಚ್ಚು ಬೆಲೆ ಸಿಕ್ಕಿತು, ಅದನ್ನು ಪರಿಗಣಿಸಿ ಎಂದು ಕ್ಲಬ್ ವಾದಿಸಿತು. ವಿಚಾರಣೆ ನಡೆಸಿದ ಆಯೋಗ ಒಪ್ಪಲಿಲ್ಲ. ಆರು ಅಂಕದ ಶಿಕ್ಷೆ, ತಪ್ಪನ್ನು ಬೇಗ ಒಪ್ಪಿಕೊಂಡು ಸಹಕರಿಸಿದ್ದಕ್ಕೆ ಎರಡು ಕಡಿತ, 2024ರ ಮಾರ್ಚ್‌ನಲ್ಲಿ ನಾಲ್ಕು ಅಂಕ ಹೋದವು. ಆ ವರ್ಷ ಫಾರೆಸ್ಟ್ 32 ಅಂಕದೊಂದಿಗೆ 17ನೇ ಸ್ಥಾನದಲ್ಲಿ ಉಳಿದುಕೊಂಡಿತು. ಜೂನ್ ಕೊನೆಯ ವಾರದಲ್ಲಿ ಇಂಗ್ಲೆಂಡಿನ ಕ್ಲಬ್‌ಗಳು ಗಡಿಬಿಡಿಯಲ್ಲಿ ಆಟಗಾರರನ್ನು ಮಾರುವುದನ್ನು ನೋಡಿದರೆ ಈ ತಾರೀಕು ನೆನಪಿಟ್ಟುಕೊಳ್ಳಿ.

ಬೆನ್ನೆಲುಬಿನ ಮಾತಿಗೆ ಮರಳಿದರೆ, ಫಾರೆಸ್ಟ್‌ನ ಕೀಪರ್‌ಗಳ ಸಾಲೇ ಒಂದು ಪಾಠ. ಡೀನ್ ಹೆಂಡರ್ಸನ್ ಲೋನ್ ಮೇಲೆ, ಅವನಿಗೆ ಗಾಯವಾದಾಗ ಕೇಲರ್ ನವಾಸ್ ಲೋನ್ ಮೇಲೆ, ಮುಂದಿನ ಬೇಸಿಗೆಯಲ್ಲಿ ಮ್ಯಾಟ್ ಟರ್ನರ್ ಮತ್ತು ಒಡಿಸಿಯಾಸ್ ವ್ಲಾಹೊಡಿಮೊಸ್, 2024ರ ಜನವರಿ ವಿಂಡೋದಲ್ಲಿ ಸ್ಟ್ರಾಸ್‌ಬರ್ಗ್‌ನಿಂದ ಮಾಟ್ಸ್ ಸೆಲ್ಸ್. ಕೊನೆಗೆ ಬಂದವನೇ ನೆಲೆಯೂರಿದ. 2024-25ರಲ್ಲಿ 13 ಪಂದ್ಯಗಳಲ್ಲಿ ಗೋಲು ಬಿಡದೆ ಆರ್ಸೆನಲ್ ಕೀಪರ್ ಡೇವಿಡ್ ರಾಯಾ ಜೊತೆ ಗೋಲ್ಡನ್ ಗ್ಲೌ (ಅತಿ ಹೆಚ್ಚು ಪಂದ್ಯಗಳಲ್ಲಿ ಗೋಲು ಬಿಡದ ಕೀಪರ್‌ಗೆ ಕೊಡುವ ಬಹುಮಾನ) ಹಂಚಿಕೊಂಡ. ಅವನ ಮುಂದೆ ಕೊರಿಂಥಿಯನ್ಸ್‌ನಿಂದ ಬಂದ ಮುರಿಲೊ, ಫಿಯೊರೆಂಟಿನಾದಿಂದ ಬಂದ ನಿಕೊಲಾ ಮಿಲೆಂಕೊವಿಚ್. ತುದಿಯಲ್ಲಿ ಮೊದಲು ಲೋನ್, ಆಮೇಲೆ ಖರೀದಿ ಎಂಬಂತೆ ಬಂದ ಕ್ರಿಸ್ ವುಡ್, ಆ ವರ್ಷ ಲೀಗ್‌ನಲ್ಲಿ 20 ಗೋಲು. ತಂಡ ಏಳನೇ ಸ್ಥಾನಕ್ಕೇರಿತು. ರೀಬಿಲ್ಡ್‌ಗೆ ಮೂರು ವರ್ಷ ಹಿಡಿಯಿತು. ಎರಡೇ ವಿಂಡೋ ನೋಡಿ ತೀರ್ಪು ಕೊಟ್ಟವರು ತಪ್ಪಿದರು.

ಕಾಗದದ ಕೆಲಸ ಬೇಗ ಹೇಳಿ ಮುಗಿಸುತ್ತೇವೆ. ಎರಡು ಕ್ಲಬ್‌ಗಳ ಬೆಲೆ ಒಪ್ಪಂದ, ಆಟಗಾರನ ಸಂಬಳದ ಮಾತುಕತೆ, ವೈದ್ಯಕೀಯ ತಪಾಸಣೆ, ಬೇರೆ ದೇಶದವನಾದರೆ ಕೆಲಸದ ಪರವಾನಗಿ, ಫಿಫಾದ ಟಿಎಂಎಸ್ ಎಂಬ ಆನ್‌ಲೈನ್ ವರ್ಗಾವಣೆ ವ್ಯವಸ್ಥೆಯಲ್ಲಿ ಎರಡೂ ಕಡೆ ಒಂದೇ ವಿವರ ತುಂಬುವುದು, ಹಳೆಯ ದೇಶದ ಸಂಸ್ಥೆಯಿಂದ ವರ್ಗಾವಣೆ ಪ್ರಮಾಣಪತ್ರ. ಆಟಗಾರ 12ರಿಂದ 23ನೇ ವಯಸ್ಸಿನ ತನಕ ಕಲಿತ ಕ್ಲಬ್‌ಗಳಿಗೆ ಅಂತರರಾಷ್ಟ್ರೀಯ ವರ್ಗಾವಣೆ ಮೊತ್ತದಲ್ಲಿ 5% ಹೋಗುತ್ತದೆ. ಇದರಲ್ಲಿ ಒಂದು ಕೊಂಡಿ ಕಳಚಿದರೂ ಆರು ತಿಂಗಳು ಹೋಯಿತು. 2017ರಲ್ಲಿ ಲೆಸ್ಟರ್ ಕ್ಲಬ್ ಸ್ಪೋರ್ಟಿಂಗ್‌ನಿಂದ ಆಡ್ರಿಯೆನ್ ಸಿಲ್ವಾನನ್ನು ಕೊಂಡಿತು, ಕಾಗದ ತಲುಪಿದ್ದು 14 ಸೆಕೆಂಡ್ ತಡವಾಗಿ. ಫಿಫಾ ಒಪ್ಪಲಿಲ್ಲ, ಅವನು ಮೈದಾನಕ್ಕಿಳಿದದ್ದು 2018ರ ಜನವರಿಯಲ್ಲಿ.

ನಮ್ಮ ಬೆಂಗಳೂರು ಎಫ್‌ಸಿಯ ರೀಬಿಲ್ಡ್ ಬೇರೆಯೇ ಬಗೆಯದು. 2023-24ರ ಐಎಸ್‌ಎಲ್‌ (ಇಂಡಿಯನ್ ಸೂಪರ್ ಲೀಗ್) ಪಟ್ಟಿಯಲ್ಲಿ 12 ತಂಡಗಳಲ್ಲಿ 10ನೇ ಸ್ಥಾನ. ನಡುವೆಯೇ ಕೋಚ್ ಬದಲಾಗಿ ಗೆರಾರ್ಡ್ ಝರಗೋಝಾ ಬಂದಿದ್ದರು. ಭಾರತದಲ್ಲಿ ದೊಡ್ಡ ಬೆಲೆಯ ಮಾರಾಟ ಅಪರೂಪ, ಹೆಚ್ಚಿನವರು ಒಪ್ಪಂದ ಮುಗಿಸಿಕೊಂಡೇ ಬೇರೆ ಕಡೆ ಹೋಗುತ್ತಾರೆ. ಹಾಗಾಗಿ ಇಲ್ಲಿ ರೀಬಿಲ್ಡ್ ಎಂದರೆ ಹೆಚ್ಚಾಗಿ ಆರು ವಿದೇಶಿ ಜಾಗಗಳ ಲೆಕ್ಕ. ಅಲೆಕ್ಸಾಂಡರ್ ಯೊವಾನೊವಿಚ್, ರಯಾನ್ ವಿಲಿಯಮ್ಸ್ ಉಳಿದರು; ಉಳಿದ ನಾಲ್ಕಕ್ಕೆ ಅಲ್ಬರ್ಟೊ ನೊಗೆರಾ, ಹೊರ್ಹೆ ಪೆರೇರಾ ಡಿಯಾಝ್, ಎಡ್ಗರ್ ಮೆಂಡೆಝ್, ಪೆಡ್ರೊ ಕಾಪೊ ಬಂದರು. ರಕ್ಷಣೆಗೆ ರಾಹುಲ್ ಭೇಕೆ ಹಿಂತಿರುಗಿದರು, 2019ರ ಫೈನಲ್‌ನಲ್ಲಿ ಗೆಲುವಿನ ಹೆಡರ್ ಹೊಡೆದವರು. ಮುಂದಿನ ಸೀಸನ್‌ನಲ್ಲಿ ತಂಡ ಫೈನಲ್ ತಲುಪಿ, 2025ರ ಏಪ್ರಿಲ್ 12ರಂದು ಕೋಲ್ಕತಾದಲ್ಲಿ ಮೋಹನ್ ಬಗಾನ್‌ಗೆ ಹೆಚ್ಚುವರಿ ಸಮಯದಲ್ಲಿ 1-2ರಿಂದ ಸೋತಿತು.

ಇದೇ ಸುದ್ದಿಗಳಲ್ಲಿ ಇನ್ನೂ ಮೂರು ಪದ ಸಿಗುತ್ತವೆ. ‘ಡೆಡ್‌ವುಡ್’ ಎಂದರೆ ಸಂಬಳ ದೊಡ್ಡದು, ಆಟ ಸಣ್ಣದು, ಕೊಳ್ಳುವವರಿಲ್ಲ ಎಂಬಂಥ ಆಟಗಾರರು. ‘ಪ್ಯಾನಿಕ್ ಬೈ’ ವಿಂಡೋ ಮುಚ್ಚುವ ದಿನ ಬೇಕಾದವನು ಸಿಗದೆ ಸಿಕ್ಕವನನ್ನು ಕೊಳ್ಳುವುದು. ‘ಫೈರ್ ಸೇಲ್’ ಸಾಲಗಾರರು ಬಾಗಿಲಿಗೆ ಬಂದಾಗ ಇದ್ದವರನ್ನೆಲ್ಲ ಮಾರುವುದು: ಇಂಗ್ಲೆಂಡಿನ ಲೀಡ್ಸ್ ಕ್ಲಬ್ 2002ರಲ್ಲಿ ರಿಯೊ ಫರ್ಡಿನಾಂಡ್‌ನಿಂದ ಶುರುಮಾಡಿ ಒಬ್ಬೊಬ್ಬರನ್ನೇ ಕಳಿಸುತ್ತ ಹೋಯಿತು, 2004ರಲ್ಲಿ ಕೆಳಗಿಳಿಯಿತು, ಮತ್ತೆ ಮೇಲೆ ಬಂದದ್ದು 2020ರಲ್ಲಿ.