ಪ್ಲೇಟ್‌ಲೆಟ್ ಕಡಿಮೆಯೇ? ಅಮ್ಮನ ರಿಪೋರ್ಟೂ ತನ್ನಿ

ಡೆಂಗಿ ಜ್ವರ ಬಿಟ್ಟು ಎರಡು ತಿಂಗಳಾಗಿದೆ, ಪ್ಲೇಟ್‌ಲೆಟ್ ಮಾತ್ರ 60 ಸಾವಿರದಿಂದ ಮೇಲೇಳುತ್ತಿಲ್ಲ ಎಂದು ಹೆಣ್ಣುಮಗಳೊಬ್ಬಳು ಬಂದಳು. ಪರಂಗಿ ಎಲೆ ರಸ ಕುಡಿದು ಕುಡಿದು ಬೇಸತ್ತಿದ್ದಳು. ಡೆಂಗಿಯಲ್ಲಿ ಇಳಿದದ್ದು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗೇ ಏರುತ್ತದೆ. ಏರಲಿಲ್ಲ ಅಂದರೆ ನಾನು ಕೇಳುವುದು ಒಂದೇ: ಜ್ವರಕ್ಕೆ ಮುಂಚೆ ಎಷ್ಟಿತ್ತು?

ಹೆರಿಗೆ ಸಮಯದ ಫೈಲ್ ತರಿಸಿದೆ. ಆಗಲೂ 65 ಸಾವಿರ. ಪಕ್ಕದಲ್ಲಿದ್ದ ಅಮ್ಮ, "ನನಗೂ ಕಡಿಮೆನೇ ಡಾಕ್ಟ್ರೇ, ಸುಮ್ನೆ ಬಿಟ್ಟಿದ್ದೀವಿ" ಅಂದರು.

ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕಡಿಮೆಯಾದರೆ ಹೆಚ್ಚಿನವರಲ್ಲಿ ಕಾರಣ ಸೋಂಕು, ಮಾತ್ರೆ, ಲಿವರ್ ತೊಂದರೆ, ಬಿ12 ಕೊರತೆ. ಇಲ್ಲವೇ ಐಟಿಪಿ, ಅಂದರೆ ನಮ್ಮ ದೇಹವೇ ನಮ್ಮ ಪ್ಲೇಟ್‌ಲೆಟ್ ನಾಶ ಮಾಡುವುದು. ಇವು ಸಾಮಾನ್ಯವಾಗಿ ವಂಶದಲ್ಲಿ ಹರಿಯುವುದಿಲ್ಲ. ಆದರೆ ಹರಿಯುವಂಥವೂ ಇವೆ. ಅಪರೂಪ, ಅದಕ್ಕೇ ಮರೆತುಹೋಗುತ್ತವೆ. ಐಟಿಪಿ ಅಂದುಕೊಂಡು ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿದವರಿದ್ದಾರೆ. ಗುಲ್ಮ (ಸ್ಪ್ಲೀನ್) ತೆಗೆಸಿಕೊಂಡವರೂ ಇದ್ದಾರೆ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಹೀಗೆ ವಂಶದಲ್ಲಿ ಹರಿಯುವವುಗಳಲ್ಲಿ ಒಂದು ಎಂವೈಎಚ್9 ಎಂಬ ಜೀನ್‌ನ ದೋಷ. ಇದರಲ್ಲಿ ಅಪ್ಪ ಅಥವಾ ಅಮ್ಮ ಒಬ್ಬರಿಗಿದ್ದರೂ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಬರ್ನಾರ್ಡ್-ಸೂಲಿಯೇ ಎಂಬ ಇನ್ನೊಂದು ಕಾಯಿಲೆಯಲ್ಲಿ ಸಾಮಾನ್ಯವಾಗಿ ಇಬ್ಬರಿಂದಲೂ ದೋಷ ಬರಬೇಕು. ಸೋದರಮಾವನಿಗೋ ಅತ್ತೆ ಮಗನಿಗೋ ಕೊಟ್ಟು ಮದುವೆ ಮಾಡುವ ನಮ್ಮ ಕಡೆ, ಅಪ್ಪ ಅಮ್ಮ ಸಂಬಂಧಿಕರೇ ಎಂದು ಕೇಳಲೇಬೇಕು. ವಿಸ್ಕಾಟ್-ಆಲ್ಡ್ರಿಚ್ ಎಂಬ ಕಾಯಿಲೆ ಬರುವುದು ಹೆಚ್ಚಾಗಿ ಗಂಡುಮಕ್ಕಳಿಗೆ, ತಾಯಿಯ ಕಡೆಯಿಂದ. ರಕ್ತಸ್ರಾವದ ಜೊತೆ ಇಸುಬು, ಮೇಲಿಂದ ಮೇಲೆ ಸೋಂಕು. ರನ್ಎಕ್ಸ್1 ಎಂಬ ಜೀನ್‌ನಲ್ಲಿ ದೋಷವಿದ್ದರೆ ರಕ್ತ ಕ್ಯಾನ್ಸರಿನ ಅಪಾಯವೂ ಜಾಸ್ತಿ. ಅಂಥ ಮನೆಯಲ್ಲಿ ಚಿಕಿತ್ಸೆಗೆಂದು ಅಣ್ಣನ ಅಸ್ಥಿಮಜ್ಜೆಯನ್ನು ತಂಗಿಗೆ ಹಾಕುವ ಮುಂಚೆ ಅಣ್ಣನನ್ನೂ ಪರೀಕ್ಷಿಸಬೇಕು. ಅವನಲ್ಲೂ ಅದೇ ದೋಷ ಇರಬಹುದಲ್ವಾ?

ಮನೆಯಲ್ಲಿ ಯಾರಿಗೂ ಇಲ್ಲ ಅಂದಮಾತ್ರಕ್ಕೆ ಜೀನ್ ದೋಷ ಇಲ್ಲ ಅಂತಲ್ಲ. ಕೆಲವರಲ್ಲಿ ಅದು ಹೊಸದಾಗಿ ಶುರುವಾಗುತ್ತದೆ.

ಆ ಹೆಣ್ಣುಮಗಳ ರಕ್ತವನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಕೆಂಪು ಕಣದಷ್ಟೇ ದೊಡ್ಡ ಪ್ಲೇಟ್‌ಲೆಟ್‌ಗಳು! ಮೆಷಿನ್ ಇಂಥವನ್ನು ಪ್ಲೇಟ್‌ಲೆಟ್ ಎಂದು ಎಣಿಸುವುದೇ ಇಲ್ಲ, ಹಾಗಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಬಿಳಿ ಕಣಗಳೊಳಗೆ ತಿಳಿ ನೀಲಿ ಚುಕ್ಕೆಗಳೂ ಇದ್ದವು. ಜೀನ್ ಪರೀಕ್ಷೆಯಲ್ಲಿ ಎಂವೈಎಚ್9 ಎಂದೇ ಬಂತು. ಸ್ಟೀರಾಯ್ಡ್ ಬೇಡ, ಹಲ್ಲು ಕೀಳಿಸುವ ಮುಂಚೆ ಡಾಕ್ಟರಿಗೆ ಹೇಳು, ನೋವಿಗೆ ಐಬುಪ್ರೊಫೆನ್ ನುಂಗಬೇಡ ಅಂದೆ. ಈ ದೋಷ ಕಿಡ್ನಿಗೂ ಕಿವಿಗೂ ತಗಲಬಹುದು. ಹಾಗಾಗಿ ಅಮ್ಮನಿಗೂ ಮೂತ್ರ ಪರೀಕ್ಷೆ, ಕಿವಿ ಪರೀಕ್ಷೆ ಬರೆದೆ.

ಅಮ್ಮನಿಗೆ ಮಾತು ಎರಡೆರಡು ಸಲ ಹೇಳಬೇಕಿತ್ತು. ಮನೆಯವರು ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದರು. ವಯಸ್ಸು ಕೇಳಿದೆ. 48.