ಅವರು ಬರಲ್ಲ ಅಂತಾರೆ, ನಾನೊಬ್ಬಳೇ ಕೌನ್ಸೆಲಿಂಗ್‌ಗೆ ಹೋಗಬಹುದಾ?

ಪ್ರಶ್ನೆ: ನನ್ನ ಗಂಡನಿಗೆ ಕುಡಿತದ ಚಟ. ಆಸ್ಪತ್ರೆಗೆ ಹೋಗೋಣ ಅಂದರೆ "ನನಗೇನಾಗಿದೆ?" ಅಂತ ರೇಗುತ್ತಾರೆ. ಅವರನ್ನು ಬಿಟ್ಟು ನಾನೊಬ್ಬಳೇ ಹೋದರೆ ಏನಾದರೂ ಉಪಯೋಗ ಇದೆಯಾ?

ಉತ್ತರ: ಇದೆ. ಅವರು ಒಪ್ಪಲಿ ಅಂತ ಕಾಯಬೇಡಿ, ಹೋಗಿ.

ಕುಡಿಯುವವರು ಒಬ್ಬರೇ ಆದರೂ ಆ ಮನೆಯಲ್ಲಿ ಸರಿಯಾಗಿ ನಿದ್ದೆ ಮಾಡುವವರು ಯಾರೂ ಇರುವುದಿಲ್ಲ. ರಾತ್ರಿ ಬೈಕಿನ ಸದ್ದಿಗೆ ಕಿವಿ ಕೊಟ್ಟು ಕೂರುವುದು, ಪರ್ಸಿನ ದುಡ್ಡು ಬಚ್ಚಿಡುವುದು, "ಅವರಿಗೆ ಜ್ವರ" ಅಂತ ಆಫೀಸಿಗೆ ಸುಳ್ಳು ಹೇಳುವುದು, ತವರಿನವರ ಮುಂದೆ ನಗುವುದು. ಇದರ ಮೇಲೆ "ನೀನು ಚೆನ್ನಾಗಿ ನೋಡಿಕೊಂಡಿದ್ದರೆ ಅವನ್ಯಾಕೆ ಕುಡೀತಿದ್ದ?" ಅನ್ನುವ ಮಾತು ಬೇರೆ. ಆ ಮಾತು ಸುಳ್ಳು. ಅವರ ಕುಡಿತಕ್ಕೆ ನೀವು ಕಾರಣ ಅಲ್ಲ. ವರ್ಷಗಟ್ಟಲೆ ಹೀಗೆ ಬದುಕಿದವರಿಗೆ ಆತಂಕ, ಖಿನ್ನತೆ ಬರುವುದು ಸಹಜ. ಅದಕ್ಕೂ ಚಿಕಿತ್ಸೆ ಬೇಕು, ಅಲ್ವಾ?

ಇದು ಹೊಸ ವಿಚಾರವೇನಲ್ಲ. ಕುಡಿಯುವವರ ಮನೆಯವರಿಗಾಗಿಯೇ ಅಮೆರಿಕದಲ್ಲಿ 1951ರಲ್ಲಿ ಅಲ್-ಅನಾನ್ ಎಂಬ ಬಳಗ ಶುರುವಾಯಿತು. ಚೆನ್ನೈನಲ್ಲಿ ಶಾಂತಿ ರಂಗನಾಥನ್ 1980ರಲ್ಲಿ ವ್ಯಸನ ಚಿಕಿತ್ಸೆಯ ಸಂಸ್ಥೆ ಕಟ್ಟಿದರು. ಕುಡಿತದಿಂದ ಗಂಡನನ್ನು ಕಳೆದುಕೊಂಡಿದ್ದ ಅವರಿಗೆ ಮನೆಯವರ ಪಾಡು ಗೊತ್ತಿತ್ತು. ಹಾಗಾಗಿ ಅಲ್ಲಿ ಮನೆಯವರಿಗೂ ಬೇರೆಯೇ ಕಾರ್ಯಕ್ರಮ ಇದೆ.

ನೀವು ಬದಲಾದರೆ ಅವರು ಚಿಕಿತ್ಸೆಗೆ ಬರುವ ಸಾಧ್ಯತೆಯೂ ಹೆಚ್ಚುತ್ತದೆ. ಮನೆಯವರಿಗೆ ತರಬೇತಿ ಕೊಡುವ 'ಕ್ರಾಫ್ಟ್' ಎಂಬ ವಿಧಾನವನ್ನು ಅಮೆರಿಕದಲ್ಲಿ ಪರೀಕ್ಷಿಸಿ ನೋಡಿದ್ದಾರೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಈ ತರಬೇತಿ ಪಡೆದ ಮನೆಗಳ ಪೈಕಿ ಶೇ. 64ರಲ್ಲಿ ಕುಡಿಯುವವರು ಚಿಕಿತ್ಸೆಗೆ ಬಂದರು. ಎಲ್ಲರೂ ಸೇರಿ ಎದುರು ಕೂರಿಸಿ ಒತ್ತಾಯಿಸುವ ವಿಧಾನದಲ್ಲಿ ಅದು ಶೇ. 30 ಮಾತ್ರ.

ಅದರಲ್ಲಿ ಕಲಿಸುವುದು ದಿನನಿತ್ಯದ ಸಂಗತಿಗಳನ್ನೇ. ಅಮಲಿನಲ್ಲಿದ್ದಾಗ ವಾದ ಮಾಡಬೇಡಿ. ಬೆಳಿಗ್ಗೆ ತಲೆ ನೆಟ್ಟಗಿದ್ದಾಗ ಒಂದೇ ವಿಷಯ, ಎರಡೇ ಮಾತು: "ನಿನ್ನೆ ನೀವು ಬರೋವರೆಗೂ ಭಯ ಆಯ್ತು. ಇವತ್ತು ಬೇಗ ಬಂದರೆ ಒಟ್ಟಿಗೆ ಊಟ ಮಾಡೋಣ." ಕುಡಿಯದೆ ಬಂದ ಸಂಜೆ ಹಳೆಯ ಲೆಕ್ಕ ತೆಗೆಯದೆ ಪ್ರೀತಿಯಿಂದ ಮಾತಾಡಿ. ಕುಡಿದ ದಿನ ಆಫೀಸಿಗೆ ಅವರೇ ಫೋನ್ ಮಾಡಲಿ, ಬಾರಿನ ಸಾಲ ನೀವು ತೀರಿಸಬೇಡಿ. ಇನ್ನೊಂದು ಬಹಳ ಮುಖ್ಯ. "ಸರಿ, ಬರ್ತೀನಿ" ಅನ್ನುವ ಮನಸ್ಸು ಜಾಸ್ತಿ ಹೊತ್ತು ಇರುವುದಿಲ್ಲ. ಯಾವ ಆಸ್ಪತ್ರೆ, ಯಾವ ದಿನ, ಜೊತೆಗೆ ಯಾರು ಅನ್ನುವುದು ಮೊದಲೇ ಗೊತ್ತಿರಲಿ. ಇದೆಲ್ಲ ಕಾಗದದ ಮೇಲೆ ಸುಲಭ, ಮನೆಯಲ್ಲಿ ಕಷ್ಟ. ಕೌನ್ಸೆಲರ್ ಬೇಕಾಗುವುದು ಅದಕ್ಕೇ.

ಹೊಡೆತ ಬಡಿತ ಇದ್ದರೆ ಇದ್ಯಾವುದನ್ನೂ ನೀವೇ ಪ್ರಯೋಗ ಮಾಡಬೇಡಿ. ಮೊದಲು ನಿಮ್ಮ ಮತ್ತು ಮಕ್ಕಳ ಸುರಕ್ಷತೆ. ಮಹಿಳಾ ಸಹಾಯವಾಣಿ 181, ತುರ್ತು ಸಂದರ್ಭಕ್ಕೆ 112.

ಕಾಫಿಯಲ್ಲೋ ಸಾರಿನಲ್ಲೋ ಗುಟ್ಟಾಗಿ "ಕುಡಿತ ಬಿಡಿಸುವ ಔಷಧಿ" ಬೆರೆಸುವುದು ಬೇಡವೇ ಬೇಡ. ಅದರಲ್ಲಿ ಡೈಸಲ್ಫಿರಾಮ್ (ಕುಡಿದರೆ ಮೈಗೆ ಆಗದಂತೆ ಮಾಡುವ ಔಷಧಿ) ಇದ್ದು, ಅವರು ಗೊತ್ತಿಲ್ಲದೆ ಕುಡಿದರೆ, ವಾಂತಿಯಾಗಿ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು. ಹಾಗೆಯೇ ದಿನವೂ ವಿಪರೀತ ಕುಡಿಯುವವರಿಂದ ದೇವರ ಮುಂದೆ ಆಣೆ ಮಾಡಿಸಿ ಒಂದೇ ದಿನಕ್ಕೆ ಬಿಡಿಸುವುದೂ ಅಪಾಯ. ಫಿಟ್ಸ್ ಬರಬಹುದು. ವೈದ್ಯರ ಕಣ್ಗಾವಲಿನಲ್ಲೇ ಬಿಡಿಸಬೇಕು.

ಎಲ್ಲಿಗೆ ಹೋಗುವುದು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರ ಇದೆ, ಮನೆಯವರೊಂದಿಗೂ ಅಲ್ಲಿ ಮಾತಾಡುತ್ತಾರೆ. ನಿಮ್ಮ ಜಿಲ್ಲಾ ಆಸ್ಪತ್ರೆಯ ಮಾನಸಿಕ ರೋಗ ವಿಭಾಗದಲ್ಲೂ ವಿಚಾರಿಸಿ. ಮನೆಯಿಂದ ಹೊರಡುವುದೇ ಕಷ್ಟ ಎಂದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ಗೆ ಫೋನ್ ಮಾಡಿ, 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. "ಕುಡಿಯುವವರು ನನ್ನ ಗಂಡ, ಸಹಾಯ ಬೇಕಿರುವುದು ನನಗೆ" ಎಂದು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಮಾತೆಲ್ಲ ಅವರ ಬಗ್ಗೆಯೇ ಹೋಗುತ್ತದೆ.