ತುಂಗೆಯ ಉಸಿರಿನ ಲೆಕ್ಕ: ಎಸ್‌ಟಿಪಿ ಪಾಠದ ಟಿಪ್ಪಣಿ

ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಅಂದ್ರೆ ಕೊಳಚೆ ನೀರು ಸೋಸುವ ದೊಡ್ಡ ಜರಡಿ ಅಂತ ನಾನು ಅಂದುಕೊಂಡಿದ್ದೆ. ಈ ಪಾಠ ತಲೆಗೆ ಹತ್ತದೇ ಇದ್ದದ್ದು ಅದಕ್ಕೇ. ಕೊಳಚೆಯಲ್ಲಿ ನೂರಕ್ಕೆ 99ಕ್ಕಿಂತ ಜಾಸ್ತಿ ಬರೀ ನೀರೇ. ಉಳಿದ ಚೂರಿನಲ್ಲಿ ಬಹಳಷ್ಟು ಕರಗಿಹೋಗಿರುತ್ತದೆ. ಕರಗಿದ್ದು ಯಾವ ಜರಡಿಗೆ ಸಿಗುತ್ತದೆ, ಹೇಳಿ?

ಅನ್ನ ಬಸಿದ ಗಂಜಿ, ಸ್ನಾನದ ನೀರು, ಶೌಚದ ನೀರು ಎಲ್ಲವೂ ನೇರವಾಗಿ ತುಂಗೆಗೆ ಬಿದ್ದರೆ ಹೊಳೆಯ ಬ್ಯಾಕ್ಟೀರಿಯಾಗಳಿಗೆ ಹಬ್ಬ. ತಿನ್ನುತ್ತಾ ತಿನ್ನುತ್ತಾ ನೀರಲ್ಲಿ ಕರಗಿರುವ ಆಮ್ಲಜನಕವನ್ನೂ ಮುಗಿಸುತ್ತವೆ. ಮೀನು ಸಾಯುವುದು ಹೆಚ್ಚಾಗಿ ಹೀಗೆ, ಉಸಿರು ಸಿಗದೆ. ಕೊಳಚೆಯನ್ನು ತಿಂದು ಮುಗಿಸಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆಯೇ ಬಿಒಡಿ.

ಇದನ್ನು ಬಾಯಿಪಾಠ ಮಾಡಬೇಡಿ, ಲೆಕ್ಕ ಹಾಕಿ ನೋಡಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅಂತ ಹಿಡಿದರೆ, ಅದರಲ್ಲಿ ಸುಮಾರು 108 ಲೀಟರ್ ಚರಂಡಿಗೆ ಬರುತ್ತದೆ. ಲೀಟರಿಗೆ 250 ಮಿಲಿಗ್ರಾಂ ಬಿಒಡಿ ಅಂದರೆ ಒಟ್ಟು 27 ಗ್ರಾಂ. ನಮ್ಮ ಸೆಖೆಗೆ ಒಳ್ಳೆಯ ಹೊಳೆ ನೀರಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಮೀನಿಗೆ ಅಂತ 4 ಬಿಟ್ಟರೆ ಖರ್ಚಿಗೆ ಸಿಗುವುದು 4 ಮಾತ್ರ. ಅಂದರೆ ಒಬ್ಬರ ಒಂದು ದಿನದ ಕೊಳಚೆಗೆ 6,750 ಲೀಟರ್ ತುಂಗೆ ಬೇಕು! ಅದೇ ಬಿಒಡಿಯನ್ನು 10ಕ್ಕೆ ಇಳಿಸಿ ಬಿಟ್ಟರೆ 270 ಲೀಟರ್ ಸಾಕು. (ಹರಿಯುವಾಗ ಗಾಳಿಯಿಂದ ಸೇರುವ ಆಮ್ಲಜನಕವನ್ನು ಇಲ್ಲಿ ಹಿಡಿದಿಲ್ಲ. ಲೆಕ್ಕ ಸ್ವಲ್ಪ ಒರಟು.) ಬೇಸಿಗೆಯಲ್ಲಿ ಬಂಡೆಗಳೆಲ್ಲ ಮೇಲೆ ಕಾಣುವಾಗ ಹೊಳೆಯ ಹತ್ತಿರ ಎಷ್ಟು ನೀರಿರುತ್ತದೆ ಅಂತ ನೆನಪಿಸಿಕೊಳ್ಳಿ.

ಹಾಗಾದರೆ ಎಸ್‌ಟಿಪಿ ಮಾಡುವುದೇನು? ಹೊಳೆಯಲ್ಲಿ ನಡೆಯಬೇಕಿದ್ದ ಊಟವನ್ನು ತೊಟ್ಟಿಯಲ್ಲೇ ಮುಗಿಸುತ್ತದೆ, ಅಷ್ಟೇ. ಮೊದಲು ಸರಳಿನ ಜಾಲರಿಯಲ್ಲಿ ಪ್ಲಾಸ್ಟಿಕ್, ಬಟ್ಟೆ ಸಿಕ್ಕಿಕೊಳ್ಳುತ್ತವೆ. ಆಮೇಲೆ ಮರಳು ತಳಕ್ಕಿಳಿಯುತ್ತದೆ. ಇವಕ್ಕೆ ಎರಡು ಮಾರ್ಕು ಸಾಕು. ಮುಖ್ಯವಾದದ್ದು ಗಾಳಿ ಊದುವ ತೊಟ್ಟಿ. ಅಲ್ಲಿ ಅದೇ ಜಾತಿಯ ಬ್ಯಾಕ್ಟೀರಿಯಾಗಳೇ ಇರುತ್ತವೆ, ಆದರೆ ಆಮ್ಲಜನಕವನ್ನು ನಾವು ಬ್ಲೋವರ್‌ನಿಂದ ಕೊಡುತ್ತೇವೆ. ಕರೆಂಟಿನ ಬಿಲ್ಲು ಏರುವುದೂ ಇಲ್ಲೇ. ಈ ವಿಧಾನ ಹೊರಬಂದದ್ದು 1914ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ.

ತೊಟ್ಟಿ ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡಲು ಒಂದು ಸುಲಭದ ಪರೀಕ್ಷೆ ಇದೆ. ಒಂದು ಲೀಟರಿನ ಗಾಜಿನ ಜಾಡಿಗೆ ತೊಟ್ಟಿಯ ಕಂದು ನೀರು ತುಂಬಿ 30 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಮೊದಲು ಕಾಫಿ ಡಿಕಾಕ್ಷನ್ ಹಾಗಿರುತ್ತದೆ. ಮೆಲ್ಲಗೆ ಚೂರುಗಳು ಒಂದಕ್ಕೊಂದು ಅಂಟಿ, ಗಸಿ ಹಾಗೆ ಕೆಳಗಿಳಿದು, ಮೇಲೆ ತಿಳಿ ನೀರು ನಿಲ್ಲುತ್ತದೆ. ತಳದ ಆ ಗಸಿಯೇ ಕೊಬ್ಬಿದ ಬ್ಯಾಕ್ಟೀರಿಯಾ. ಎಸ್‌ಟಿಪಿಯಲ್ಲಿ ಗಾಳಿ ತೊಟ್ಟಿಯ ನೀರನ್ನು ಇನ್ನೊಂದು ತೊಟ್ಟಿಯಲ್ಲಿ ಹೀಗೇ ನಿಲ್ಲಿಸಿ ಗಸಿ ಇಳಿಸುತ್ತಾರೆ. ಆ ಗಸಿಯಲ್ಲಿ ಸ್ವಲ್ಪವನ್ನು ಮತ್ತೆ ಗಾಳಿ ತೊಟ್ಟಿಗೆ ಬಿಡುತ್ತಾರೆ, ಹೆಪ್ಪು ಹಾಕಿದ ಹಾಗೆ. ಉಳಿದದ್ದನ್ನು ಒಣಗಿಸುತ್ತಾರೆ. ತಿಳಿ ನೀರಿಗೆ ಕ್ಲೋರಿನ್ ಹಾಕಿ ಹೊಳೆಗೆ ಬಿಡುತ್ತಾರೆ. ತಿಳಿಯಾಗಿದೆ ಅಂತ ಕುಡಿಯುವ ಹಾಗಿಲ್ಲ. ಆದರೆ ಕೂಡ್ಲಿಯಲ್ಲಿ ಭದ್ರೆ ಸೇರಿ, ಹೊನ್ನಾಳಿ, ಹರಿಹರ ದಾಟುವ ನೀರು ಇದೇ ಅಲ್ವಾ?

ಮಲೆನಾಡಲ್ಲಿ ಪುಸ್ತಕದಲ್ಲಿಲ್ಲದ ಇನ್ನೊಂದು ತೊಂದರೆ ಇದೆ, ಮಳೆ. ಕೊಳಚೆ ಸಾಗಿಸುವ ಯುಜಿಡಿ (ಒಳಚರಂಡಿ) ಪೈಪಿಗೆ ಮಳೆ ನೀರು ನುಗ್ಗಿದರೆ ತೊಟ್ಟಿಯ ಬ್ಯಾಕ್ಟೀರಿಯಾಗಳೂ ಕೊಚ್ಚಿಕೊಂಡು ಹೋಗುತ್ತವೆ, ಮ್ಯಾನ್‌ಹೋಲ್ ಉಕ್ಕುತ್ತದೆ. ನಮ್ಮ ಮನೆಯ ತಾರಸಿ ಪೈಪನ್ನೂ ಹತ್ತಿರವಾಗುತ್ತೆ ಅಂತ ಸುಮ್ನೆ ಯುಜಿಡಿಗೇ ಸೇರಿಸಿದ್ದರು. ಈ ಪಾಠ ಓದಿದ ಮೇಲೆ ಅಪ್ಪನಿಗೆ ಹೇಳಿ, ರಸ್ತೆ ಬದಿಯ ಚರಂಡಿಗೆ ತಿರುಗಿಸಿದ್ದೇವೆ. ಪೈಪಿನ ಖರ್ಚಿಗೆ ಅಪ್ಪ ಇನ್ನೂ ಗೊಣಗುತ್ತಿದ್ದಾರೆ.